ಕೋಳಿ ನುಸಿಯ ಕಥೆ: ಬೂದಿಯಿಂದ ಪುಡಿಗೆ, ಪುಡಿಯಿಂದ ಮತ್ತೆ ಬೂದಿಗೆ

ನಮ್ ಕಡೆ ಕೋಳಿ ಮೈಮೇಲೆ ಏನೇ ಹರಿದಾಡಿದ್ರೂ ಅದಕ್ಕೆ ಒಂದೇ ಹೆಸರು, ಕೋಳಿ ಹೇನು. ಕಾವಿಗೆ ಕೂರಿಸಿದ ಹ್ಯಾಟೆ ಹತ್ತು ಹನ್ನೆರಡನೇ ದಿನಕ್ಕೆ ಮೊಟ್ಟೆ ಬಿಟ್ಟು ಎದ್ದು ಹೋದ್ರೆ "ಹೇನು ಬಿದ್ದದೆ" ಅಂತೀವಿ. ಮೊಟ್ಟೆ ಎತ್ತೋಕೆ ಮಂಕರಿಗೆ ಕೈ ಹಾಕಿದ ಹೆಂಗಸರ ಕೈಯೆಲ್ಲ ನವೆ ಎದ್ರೂ ಅದೇ ಮಾತು. ಹೆಸರು ಒಂದೇ ಆದ್ಮೇಲೆ ಮದ್ದೂ ಒಂದೇ ಆಗ್ತದೆ. ಗೊಬ್ಬರದ ಅಂಗಡೀಲಿ ಸಿಗೋ ಯಾವುದೋ ಪುಡಿ ತಂದು ಕೋಳಿ ರೆಕ್ಕೆ ಎತ್ತಿ ಉಜ್ಜೋದು. ನಾಲ್ಕು ದಿನ ತಣ್ಣಗಿರ್ತದೆ, ಹದಿನೈದು ದಿನಕ್ಕೆ ಮತ್ತೆ ಶುರು. ಆಗ ಪುಡಿ ಕಳಪೆ ಅಂತ ಅಂಗಡಿಯವನನ್ನ ಬೈದು, ಇನ್ನೂ ಜೋರಾಗಿರೋದು ಕೇಳ್ತೀವಿ.

ಹೇನು ಬೇರೆ, ನುಸಿ ಬೇರೆ. ಹೇನಿಗೆ ಆರು ಕಾಲು, ಬೆಳೆದ ನುಸಿಗೆ ಎಂಟು. ತೆಂಗಿಗೆ ಬಂದ ನುಸಿ ನಮಗೆಲ್ಲ ಗೊತ್ತು, ಮೆಣಸಿನ ಗಿಡ ಮುಟುರಿಸೋ ನುಸಿಯೂ ಗೊತ್ತು. ಕೋಳಿಗೆ ಬರೋದು ಅದೇ ದೊಡ್ಡ ಕುಲದ್ದು. ಅದರಲ್ಲೂ ಮೂರು ಬಗೆ ಇದಾವೆ ಅಂತ ಇಟ್ಕೊಳ್ಳಿ. ಒಂದು ಗೂಡಿನ ನುಸಿ. ಹಗಲೆಲ್ಲ ಗೂಡಿನ ಸಂದಿನಲ್ಲಿ, ಗಳದ ಗಂಟಿನಲ್ಲಿ ಅಡಗಿದ್ದು, ರಾತ್ರಿ ಕೋಳಿ ಮಲಗಿದ್ಮೇಲೆ ಹತ್ತಿ ಬಂದು ಅರ್ಧ ಮುಕ್ಕಾಲು ಗಂಟೆ ರಕ್ತ ಕುಡಿದು ವಾಪಸ್ ಹೋಗ್ತದೆ. ಹಸಿದಿದ್ದಾಗ ಬೂದು ಬಣ್ಣ, ಕುಡಿದ ಮೇಲೆ ಕೆಂಪು. ಅದಕ್ಕೇ ಕೆಂಪು ನುಸಿ ಅನ್ನೋ ಹೆಸರು. ಎರಡನೇದು ಮೈ ನುಸಿ. ಕೋಳಿ ಮೈಮೇಲೇ ಸಂಸಾರ, ಬಾಲದ ಕೆಳಗಿನ ಪುಕ್ಕದಲ್ಲಿ ಗುಂಪು ಕಟ್ತದೆ, ಆ ಜಾಗ ಮಸಿ ಬಳಿದ ಹಾಗೆ ಕಪ್ಪಗಾಗಿರ್ತದೆ. ಮೂರನೇದು ಕಣ್ಣಿಗೇ ಕಾಣಲ್ಲ. ಕಾಲಿನ ಚಿಪ್ಪಿನ ಅಡಿ ಕೊರೆದು ಸೇರ್ಕೊಳ್ತದೆ, ಕಾಲು ದಪ್ಪಗಾಗಿ ಸುಣ್ಣ ಮೆತ್ತಿದ ಹಾಗೆ ಹುರುಪೆ ಏಳ್ತದೆ.

ಈ ಮೂರೂ ಇರೋ ಜಾಗ ಬೇರೆ ಬೇರೆ. ಜನ ಇವನ್ನ ಹೇಗೆ ಎದುರಿಸಿದ್ರು ಅನ್ನೋ ಎರಡು ಸಾವಿರ ವರ್ಷದ ಕಥೆ ನೋಡಿದ್ರೆ, ಯಾವುದು ಎಲ್ಲಿರ್ತದೆ ಅಂತ ನೋಡಿದವರು ಗೆದ್ದಿದ್ದಾರೆ, ನೋಡದೆ ಪುಡಿ ಸುರಿದವರು ಸೋತಿದ್ದಾರೆ. ಸೋತಾಗ ಆ ಪುಡಿ ಎಲ್ಲಿಗೆ ಹೋಯ್ತು ಅನ್ನೋದು ಇನ್ನೂ ಮುಖ್ಯ. ಮನೆ ಕೋಳಿ ಮೊಟ್ಟೆ ಅಂತ ನಾವು ಬೇಯಿಸಿ ಕೊಡೋದು ಬಾಣಂತಿಗೆ, ಹಾಲು ಬಿಡಿಸಿದ ಮಗೂಗೆ.

ಬಹಳ ಹಿಂದಕ್ಕೆ ಹೋದ್ರೆ ಮೊದಲು ಸಿಗೋದು ಗ್ರೀಸಿನ ಅರಿಸ್ಟಾಟಲ್, ಕ್ರಿಸ್ತಪೂರ್ವ 4ನೇ ಶತಮಾನದವನು. ಪ್ರಾಣಿಗಳ ಬಗ್ಗೆ ಬರೆದ ಪುಸ್ತಕದಲ್ಲಿ ಹಕ್ಕಿಗಳನ್ನ ನೀರಲ್ಲಿ ಮೀಯೋವು, ಮಣ್ಣಲ್ಲಿ ಹೊರಳೋವು ಅಂತ ಬೇರೆ ಮಾಡ್ತಾನೆ. ಕೋಳಿ ಜಾತಿಗೇ ಸೇರಿದ ಫೆಸೆಂಟ್ ಅನ್ನೋ ಹಕ್ಕಿ ಮಣ್ಣಲ್ಲಿ ಹೊರಳದೇ ಇದ್ರೆ ಹೇನು ಬಿದ್ದು ಸಾಯ್ತದೆ ಅಂತಲೂ ಹೇಳ್ತಾನೆ. ಅಂದಹಾಗೆ ಗ್ರೀಕರಿಗೆ ಕೋಳಿ ಹೋದದ್ದು ಪೂರ್ವದಿಂದಲೇ, ಹುಂಜವನ್ನ ಅವರು ಪರ್ಷಿಯಾದ ಹಕ್ಕಿ ಅಂತ ಕರೀತಿದ್ರು. ಕೋಳಿ ಹೋದ ಕಡೆಗೆಲ್ಲ ಅದರ ಮೈಮೇಲಿನ ಪರಿವಾರವೂ ಹೋಗಿರ್ತದೆ ಬಿಡಿ.

ನಿಜವಾಗಿ ರೈತನ ಕಣ್ಣಿಂದ ಬರೆದವನು ಕೊಲುಮೆಲ್ಲ. 1ನೇ ಶತಮಾನದವನು, ಸ್ಪೇನಿನ ಈಗಿನ ಕಾಡಿಜ್ ಊರಲ್ಲಿ ಹುಟ್ಟಿ ಇಟಲಿಯಲ್ಲಿ ಜಮೀನು ಮಾಡಿದವನು. ಬೇಸಾಯದ ಮೇಲೆ 12 ಭಾಗದ ಪುಸ್ತಕ ಬರೆದ, ಅದರಲ್ಲಿ 8ನೇ ಭಾಗ ಕೋಳಿ, ಪಾರಿವಾಳ, ಬಾತು, ಮೀನಿನದು. ಅವನು ಕೋಳಿಗೂಡಿಗೆ ಹೇಳೋ ಮಾತು ಕೇಳಿದ್ರೆ ನಮ್ಮ ಅಜ್ಜಿ ಮನೆಯೇ ಕಣ್ಮುಂದೆ ಬರ್ತದೆ. ಗೂಡು ಅಡುಗೆಮನೆಗೋ ಒಲೆಗೋ ಅಂಟಿಕೊಂಡಿರಬೇಕಂತೆ, ಹೊಗೆ ಕೋಳಿಗೆ ತಾಕಬೇಕು, ಈ ಜಾತಿಗೆ ಹೊಗೆ ಬಹಳ ಒಳ್ಳೇದು ಅಂತಾನೆ. ಸೂರು ಇರೋ ಕಡೆ ಗೋಡೆ ಪಕ್ಕ ಒಣ ಮಣ್ಣು, ಬೂದಿ ಹಾಕಿಡಬೇಕು, ಕೋಳಿ ಅದರಲ್ಲಿ ಹೊರಳಿ ಪುಕ್ಕ ಸರಿಮಾಡ್ಕೊಳ್ತದೆ. ಕಾವು ಕೂರೋ ಮಂಕರಿಯ ಹುಲ್ಲನ್ನ ಆಗಾಗ ತೆಗೆದು ಹೊಸದು ಹಾಕಬೇಕು, ಇಲ್ಲದಿದ್ರೆ ಚಿಗಟ ಮತ್ತು ಅಂಥವೇ ಹುಳ ತುಂಬ್ಕೊಳ್ತವೆ, ಕೋಳಿ ಅದೇ ಗೂಡಿಗೆ ವಾಪಸ್ ಬಂದಾಗ ಅವನ್ನ ಜೊತೇಲಿ ತರ್ತದೆ. ಭೂತಗನ್ನಡಿ ಇಲ್ಲದ ಕಾಲ. ನುಸಿ ಅನ್ನೋ ಹೆಸರಿಲ್ಲ. ಆದ್ರೂ ಕೋಳಿಯ ಜೊತೆಗೆ ಅದು ಮಲಗೋ ಜಾಗವನ್ನೂ ನೋಡಬೇಕು ಅನ್ನೋದು ಅವನಿಗೆ ತಿಳಿದಿತ್ತು.

ನಮ್ಮ ಕಡೆ ಇದನ್ನ ಯಾರೂ ಪುಸ್ತಕ ಓದಿ ಮಾಡ್ಲಿಲ್ಲ. ಹೊಗೆ ತುಂಬಿದ ಹೆಂಚಿನ ಮನೆ, ಬಚ್ಚಲೊಲೆ ಪಕ್ಕದ ಮೂಲೇಲಿ ಕೋಳಿ ಮಂಕರಿ, ಹಿತ್ತಲಲ್ಲಿ ತಿಪ್ಪೆ, ತಿಪ್ಪೆ ಮೇಲೆ ದಿನಾ ಸುರಿಯೋ ಬೂದಿ. ಕೋಳಿ ಮಧ್ಯಾಹ್ನ ಹೋಗಿ ಅಲ್ಲೇ ಗುಂಡಿ ಕೆದರಿ ಹೊರಳ್ತಿತ್ತು. ಕಾವಿಗೆ ಕೂರಿಸೋ ಮಂಕರಿಗೆ ತಳದಲ್ಲಿ ಬೂದಿ, ಅದರ ಮೇಲೆ ಲಕ್ಕಿಸೊಪ್ಪೋ ಬೇವಿನ ಸೊಪ್ಪೋ ಹಾಕಿ, ಆಮೇಲೆ ಹುಲ್ಲು ಹಾಸಿ ಮೊಟ್ಟೆ ಇಡ್ತಿದ್ರು. ಪಿರಿಯಾಪಟ್ಟಣ, ಹುಣಸೂರು ಕಡೆಯ ನೆಂಟರಿದ್ದವರು ಹೊಗೆಸೊಪ್ಪಿನ ದಂಟು ತಂದು ಹಾಕ್ತಿದ್ರು. ಪಿಳ್ಳೆ ಹೊರಬಂದ ಮೇಲೆ ಆ ಹುಲ್ಲನ್ನ ಒಲೆಗೆ ಹಾಕೋದು ರೂಢಿ, ಮತ್ತೆ ಬಳಸೋ ಹಾಗಿಲ್ಲ. ಯಾಕೆ ಅಂತ ಕೇಳಿದ್ರೆ ಸೂತಕ ಗೀತಕ ಅಂತ ಏನೋ ಒಂದು ಹೇಳ್ತಿದ್ರು. ಕಾರಣ ಏನೇ ಇರ್ಲಿ, ನುಸಿ ಮೊಟ್ಟೆ ಸಮೇತ ಸುಟ್ಟು ಹೋಗ್ತಿತ್ತು.

ಗೂಡಿನ ನುಸಿಗೆ ಹೆಸರು ಬಂದದ್ದು 1778ರಲ್ಲಿ. ಸ್ವೀಡನ್ನಿನ ಚಾರ್ಲ್ಸ್ ಡಿ ಗೀರ್ ಅನ್ನೋನು ಕಬ್ಬಿಣದ ಕಾರ್ಖಾನೆಗಳ ಒಡೆಯ, ದೊಡ್ಡ ಸಾಹುಕಾರ, ಆದ್ರೆ ಹುಚ್ಚು ಮಾತ್ರ ಹುಳದ್ದು. ಏಳು ಸಂಪುಟ ಬರೆದ. ಕೊನೇ ಸಂಪುಟದಲ್ಲಿ ಈ ನುಸಿಯನ್ನ ವಿವರಿಸಿ, ಕೋಳಿಯ ಹೆಸರನ್ನೇ ಅದಕ್ಕಿಟ್ಟ. ಅದೇ ವರ್ಷ ತೀರಿಕೊಂಡ. ಕಾಲಿನ ನುಸಿ ಗೊತ್ತಾಗೋಕೆ ಇನ್ನೂ 80 ವರ್ಷ ಬೇಕಾಯ್ತು, ಫ್ರಾನ್ಸಿನ ಇಬ್ಬರು 1859ರಲ್ಲಿ ಅದನ್ನ ಗುರುತಿಸಿದ್ರು. ಹೆಸರು ಬಂತು, ಮದ್ದು ಬರಲಿಲ್ಲ. 19ನೇ ಶತಮಾನದ ಯುರೋಪು ಅಮೆರಿಕದ ಕೋಳಿ ಸಾಕೋರು ಮಾಡ್ತಿದ್ದದ್ದು ಸುಣ್ಣ ಬಳಿಯೋದು, ಗಳಕ್ಕೆ ಸೀಮೆಎಣ್ಣೆ ಒರೆಸೋದು, ಕೋಳಿಯನ್ನೆಲ್ಲ ಹೊರಗೆ ಹಾಕಿ ಗೂಡೊಳಗೆ ಗಂಧಕ ಸುಡೋದು. ಇದರ ಜೊತೆಗೆ ಪೈರೆಥ್ರಮ್ ಅನ್ನೋ ಪುಡಿ. ಸೇವಂತಿಗೆ ಜಾತಿಯ ಒಂದು ಬಿಳಿ ಹೂವನ್ನ ಒಣಗಿಸಿ ಪುಡಿ ಮಾಡಿದ್ದು, ಪರ್ಷಿಯಾ ಮತ್ತು ಡಾಲ್ಮೇಶಿಯಾ ಕಡೆಯಿಂದ ಬರ್ತಿತ್ತು. ಹುಳ ಬೀಳ್ತಿತ್ತು, ಆದ್ರೆ ಬಿಸಿಲಿಗೆ ಬೇಗ ಸತ್ವ ಕಳ್ಕೊಳ್ತಿತ್ತು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಇದರ ಮರಿಮಕ್ಕಳು ಬರ್ತಾವೆ.

ನನ್ನ ಲೆಕ್ಕದಲ್ಲಿ ಈ ಕಥೆಯ ದೊಡ್ಡ ತಿರುವು 1917. ಅಮೆರಿಕದ ಕೃಷಿ ಇಲಾಖೆ ರೈತರಿಗಾಗಿ ಸಣ್ಣ ಸಣ್ಣ ಪುಸ್ತಿಕೆ ಹಂಚ್ತಿತ್ತು, ನಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೊಡೋ ಮಡಿಕೆ ಪತ್ರದ ಹಾಗೆ, ಸ್ವಲ್ಪ ದಪ್ಪ. ಅದರಲ್ಲಿ 801ನೇದು ಕೋಳಿಯ ನುಸಿ ಮತ್ತು ಹೇನಿನದು, ಬರೆದವರು ಬಿಷಪ್ ಮತ್ತು ವುಡ್ ಅನ್ನೋ ಇಬ್ಬರು ಕೀಟ ತಜ್ಞರು. ಅವರು ಮಾಡಿದ ಕೆಲಸ ಕೇಳೋಕೆ ಸಣ್ಣದು. ಎರಡನ್ನೂ ಬೇರ್ಪಡಿಸಿದ್ರು. ಹೇನು ಕೋಳಿ ಮೈಮೇಲೇ ಇರ್ತದೆ, ಅದಕ್ಕೆ ಮದ್ದು ಕೋಳಿಗೆ ಹಾಕಿ. ನುಸಿ ಗೂಡಲ್ಲಿ ಇರ್ತದೆ, ಅದಕ್ಕೆ ಕೋಳಿಯನ್ನ ಮುಟ್ಟಬೇಡಿ, ಗೂಡನ್ನ ನೋಡಿ. ಗೂಡಲ್ಲಿ ಬೇಡದ ಹಲಗೆ, ಪೆಟ್ಟಿಗೆ, ಹಳೇ ಹುಲ್ಲು ಎಲ್ಲ ಹೊರಗೆ ತೆಗೆದು, ಮರ ಹುಳು ಹಿಡಿಯದಿರಲಿ ಅಂತ ಬಳಿಯೋ ಕಪ್ಪು ಎಣ್ಣೆಯನ್ನೋ ಕಚ್ಚಾ ಎಣ್ಣೆಯನ್ನೋ ಗಳಕ್ಕೆ, ಸಂದುಗಳಿಗೆ ಹಾಕಿ ಅಂದ್ರು. ಎಣ್ಣೆ ಸಂದಿನೊಳಗೆ ಇಳಿದು ಬಹಳ ದಿನ ನಿಲ್ತದೆ, ನುಸಿ ಅಡಗೋ ಜಾಗವೇ ಇಲ್ಲದ ಹಾಗೆ ಆಗ್ತದೆ. ಹೇನಿಗೆ ಅವರು ಹೇಳಿದ್ದು ಸೋಡಿಯಂ ಫ್ಲೋರೈಡ್ ಅನ್ನೋ ಪುಡಿ, ಚಿಟಿಕೆ ಚಿಟಿಕೆಯಾಗಿ ಪುಕ್ಕದ ಬುಡಕ್ಕೆ. ಅದು ವಿಷವೇ, ಇವತ್ತು ಯಾರೂ ಹೇಳಲ್ಲ. ಆದ್ರೆ ಮೊದಲು ಹುಳ ಎಲ್ಲಿದೆ ನೋಡು, ಆಮೇಲೆ ಮದ್ದು ಅನ್ನೋ ಅವರ ದಾರಿ ಇವತ್ತಿಗೂ ಸರಿ. ನೂರು ವರ್ಷ ಆದ್ಮೇಲೂ ನಮ್ಮೂರಲ್ಲಿ ಗೂಡಿನ ನುಸಿಗೆ ಕೋಳಿ ಮೈ ಉಜ್ತಾ ಇದ್ದೀವಲ್ಲ, ಅದೇ ಬೇಜಾರು.

ಆಮೇಲೆ ಬಂದದ್ದು ಹೊಗೆಸೊಪ್ಪಿನ ಸಾರ, ನಿಕೋಟಿನ್ ಸಲ್ಫೇಟ್. ಅಮೆರಿಕದಲ್ಲಿ ಬ್ಲ್ಯಾಕ್ ಲೀಫ್ 40 ಅನ್ನೋ ಹೆಸರಲ್ಲಿ ಮನೆಮನೆಗೂ ಹೋಯ್ತು. ಬಳಸೋ ರೀತಿ ಜಾಣತನದ್ದು. ಸಾಯಂಕಾಲ ಕೋಳಿ ಗಳ ಹತ್ತೋಕೆ ಮುಂಚೆ ಗಳದ ಮೇಲೆ ಒಂದು ಗೀಟು ಬಳಿಯೋದು. ಕೋಳಿ ಬಂದು ಕೂತ್ರೆ ಅದರ ಮೈ ಶಾಖಕ್ಕೆ ನಿಕೋಟಿನ್ ಆವಿಯಾಗಿ ಪುಕ್ಕದೊಳಗೆ ಹೋಗ್ತಿತ್ತು, ಬೆಳಗಾಗೋದ್ರಲ್ಲಿ ಹುಳ ಸತ್ತು ಬಿದ್ದಿರ್ತಿದ್ವು. ಕೋಳಿ ಹಿಡಿಯೋ ಗೋಜೇ ಇಲ್ಲ. ನಮ್ಮ ಹೊಗೆಸೊಪ್ಪಿನ ದಂಟಿನ ಹಿಂದಿರೋ ವಿದ್ಯೆಯೂ ಇದೇ, ಸತ್ವ ಮಾತ್ರ ಕಡಿಮೆ. ಆದ್ರೆ ಸಾರ ಅಂದ್ಮೇಲೆ ಅದು ಮನುಷ್ಯನ ಚರ್ಮದಿಂದಲೂ ಒಳಗೆ ಇಳೀತದೆ, ಗಾಳಿಯಾಡದ ಗೂಡಲ್ಲಿ ಕೋಳಿಗೂ ತೊಂದರೆ. ನಮ್ಮ ದೇಶದಲ್ಲಿ ನಿಕೋಟಿನ್ ಸಲ್ಫೇಟ್ ಬಳಕೆಗೆ ನಿಷೇಧ ಇದೆ, ರಫ್ತಿಗೆ ಮಾತ್ರ ತಯಾರಿಸಬಹುದು. ಹೊಗೆಸೊಪ್ಪು ಕುದಿಸಿ ಕೋಳಿಗೆ ನೀರು ಹಾಕೋ ಸಲಹೆ ಯಾರಾದ್ರೂ ಕೊಟ್ರೆ ಇದು ನೆನಪಿರಲಿ.

ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಪುಡಿಗಳ ಕಾಲ ಶುರುವಾಯ್ತು. ನಮ್ಮ ಹಿರಿಯರಿಗೆ ಗ್ಯಾಮಕ್ಸಿನ್ ಗೊತ್ತಿಲ್ಲದೇ ಇರೋರಿಲ್ಲ. ಬಿ.ಎಚ್.ಸಿ. ಪುಡಿ ಅಂದ್ರೂ ಅದೇ. ಈ ರಾಸಾಯನಿಕವನ್ನ ಮೈಕೆಲ್ ಫ್ಯಾರಡೆ 1825ರಲ್ಲೇ ತಯಾರಿಸಿದ್ದ, ಹೌದು, ವಿದ್ಯುತ್ತಿನ ಪಾಠದಲ್ಲಿ ಬರೋ ಅದೇ ಫ್ಯಾರಡೆ. ಹುಳ ಸಾಯ್ತದೆ ಅಂತ ಗೊತ್ತಾಗಿದ್ದು ಮಾತ್ರ 1940ರ ದಶಕದಲ್ಲಿ. ಆಮೇಲೆ ಭತ್ತಕ್ಕೆ, ಗೆದ್ದಲಿಗೆ, ಇರುವೆಗೆ, ದನದ ಉಣ್ಣೆಗೆ, ಕೋಳಿಗೆ, ಎಲ್ಲಕ್ಕೂ ಅದೇ. ಬಹಳ ಅಗ್ಗ, ಬಹಳ ದಿನ ನಿಲ್ಲೋದು. ಆ ನಿಲ್ಲೋ ಗುಣವೇ ಮುಳುವಾಯ್ತು. ಕೊಬ್ಬಲ್ಲಿ ಸೇರ್ತದೆ, ಹಾಲಿಗೆ ಬರ್ತದೆ, ಮೊಟ್ಟೆಯ ಹಳದಿಗೆ ಬರ್ತದೆ. ನಮ್ಮ ದೇಶದಲ್ಲಿ 1997ರ ಏಪ್ರಿಲ್‌ನಿಂದ ಬಿ.ಎಚ್.ಸಿ. ನಿಷೇಧವಾಯ್ತು. ಅದರ ಶುದ್ಧ ರೂಪ ಲಿಂಡೇನ್ ಇನ್ನೂ ಸ್ವಲ್ಪ ವರ್ಷ ಉಳಿದು 2013ಕ್ಕೆ ಮುಗೀತು. ಹಳೇ ಅಟ್ಟದ ಮೇಲೆ ಗೋಣಿಚೀಲದಲ್ಲಿ ಬಿಳಿ ಪುಡಿ ಏನಾದ್ರೂ ಸಿಕ್ಕಿದ್ರೆ, ಚೆನ್ನಾಗಿದೆ ಅಂತ ಕೋಳಿಗೂಡಿಗೆ ಹಾಕೋಕೆ ಹೋಗ್ಬೇಡಿ.

ಮುಂದಿನದು ಸೆವಿನ್, ಅಂದ್ರೆ ಕಾರ್ಬರಿಲ್. 1950ರ ದಶಕದ ಕೊನೆಗೆ ಯೂನಿಯನ್ ಕಾರ್ಬೈಡ್ ಕಂಪನಿ ಇದನ್ನ ಮಾರುಕಟ್ಟೆಗೆ ತಂತು. ಅಮೆರಿಕದ ಹಿತ್ತಲ ಕೋಳಿ ಸಾಕೋರಿಗೆ ದಶಕಗಟ್ಟಲೆ ನುಸಿ ಅಂದ್ರೆ ಸೆವಿನ್ ಪುಡಿ. ನಮ್ಮಲ್ಲಿ ಹತ್ತಿಗೆ, ತರಕಾರಿಗೆ ಅಂತ ಬಂದು, ಮಿಕ್ಕಿದ್ದು ಕೋಳಿಗೆ ಹೋಗ್ತಿತ್ತು. ಭೋಪಾಲಿನ ಕಾರ್ಖಾನೆ ತಯಾರಿಸ್ತಾ ಇದ್ದದ್ದು ಇದನ್ನೇ. 1984ರ ಡಿಸೆಂಬರ್ 2ರ ರಾತ್ರಿ ಸೋರಿ ಸಾವಿರಾರು ಜನರನ್ನ ಕೊಂದ ಮೀಥೈಲ್ ಐಸೊಸಯನೇಟ್ ಈ ಸೆವಿನ್ ತಯಾರಿಕೆಗೆ ಅಂತ ಇಟ್ಟಿದ್ದ ಸರಕು. ಅದಾದ ಮೇಲೂ ಕಾರ್ಬರಿಲ್ ಬೇರೆ ಕಡೆಯಿಂದ ಬರ್ತಲೇ ಇತ್ತು. ಕೇಂದ್ರ ಸರ್ಕಾರ ಅದನ್ನ ನಿಷೇಧಿಸಿದ್ದು 2018ರ ಆಗಸ್ಟ್‌ನಲ್ಲಿ. ಅದೇ ಆದೇಶದಲ್ಲಿ ಡೈಕ್ಲೋರ್ವಾಸ್ ಕೂಡ ಇತ್ತು, ನಮ್ಮ ಬಾಯಲ್ಲಿ ನುವಾನ್. ಕೋಳಿ ಶೆಡ್ಡುಗಳಲ್ಲಿ ನೊಣಕ್ಕೆ, ನುಸಿಗೆ ಕಣ್ಮುಚ್ಚಿ ಹೊಡೀತಿದ್ದದ್ದು. ಅದಕ್ಕೆ 2020ರ ಡಿಸೆಂಬರ್ ಕೊನೇವರೆಗೆ ಅವಕಾಶ ಕೊಟ್ಟು ಆಮೇಲೆ ನಿಲ್ಲಿಸಿದ್ರು.

ನಿಷೇಧ ಒಂದು ಕಡೆ. ಇನ್ನೊಂದು ಕಡೆ ನುಸಿಯೇ ಬಗ್ಗೋದು ನಿಲ್ಲಿಸ್ತು. ಬೆಚ್ಚಗಿನ ಹವೆಯಲ್ಲಿ ಗೂಡಿನ ನುಸಿ ಮೊಟ್ಟೆಯಿಂದ ಮೊಟ್ಟೆಗೆ ಬರೋಕೆ ವಾರ, ಹತ್ತು ದಿನ ಸಾಕು. ಶಿವರಾತ್ರಿಯಿಂದ ಮುಂಗಾರಿನವರೆಗೆ ಲೆಕ್ಕ ಹಾಕಿ, ಹತ್ತಕ್ಕೂ ಹೆಚ್ಚು ತಲೆಮಾರು ಆಗ್ತವೆ. ಪ್ರತಿ ಸಲ ಪುಡಿ ತಡೆದುಕೊಂಡವು ಮಾತ್ರ ಉಳಿದು ಮರಿ ಮಾಡ್ತವೆ. ಹೂವಿನ ಪುಡಿ ಬಿಸಿಲಿಗೆ ನಿಲ್ಲಲ್ಲ ಅಂದೆನಲ್ಲ, ಅದನ್ನ ನಿಲ್ಲೋ ಹಾಗೆ ಮಾಡಿದವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಮೈಕೆಲ್ ಎಲಿಯಟ್ ಮತ್ತವರ ಜೊತೆಯವರು. 1973ರಲ್ಲಿ ಪರ್ಮೆತ್ರಿನ್ ಬಂತು. ನಾವು ದನದ ಉಣ್ಣೆಗೆ ಬಳಸೋ ಡೆಲ್ಟಾಮೆತ್ರಿನ್, ಸೈಪರ್‌ಮೆತ್ರಿನ್ ಎಲ್ಲ ಆ ಮನೆತನದವೇ. ಈಗ ಮ್ಯಾಲಥಿಯಾನ್, ಕಾರ್ಬರಿಲ್, ಪರ್ಮೆತ್ರಿನ್ ಮೂರಕ್ಕೂ ಸಾಯದ ನುಸಿ ಹಲವು ದೇಶಗಳಲ್ಲಿ ಸಿಕ್ಕಿದೆ. ಪುಡಿ ಕಳಪೆ ಅಂತ ಅಂಗಡಿಯವನನ್ನ ಬೈಯೋ ಮುಂಚೆ ಇದನ್ನೂ ಯೋಚಿಸಿ.

ಇಷ್ಟರ ಮಧ್ಯೆ ಕೋಳಿಯ ಬದುಕೇ ಬದಲಾಗಿತ್ತು. ತಂತಿ ಪಂಜರ ಬಂತು, ಮಣ್ಣು ಹೋಯ್ತು. ಒಂದನ್ನೊಂದು ಕುಕ್ಕದಿರಲಿ ಅಂತ ಕೊಕ್ಕಿನ ತುದಿ ಕತ್ತರಿಸೋದು ಬಂತು. ಕೋಳಿ ಬಿಡುವಿನ ಹೊತ್ತಲ್ಲಿ ಪುಕ್ಕ ಬಿಡಿಸ್ಕೊಂಡು ಕೂತಿರ್ತದಲ್ಲ, ಅದು ಬರೀ ಸಿಂಗಾರ ಅಲ್ಲ, ಹುಳ ಆರಿಸೋದು. ಕ್ಯಾಲಿಫೋರ್ನಿಯಾದ ಬ್ರ್ಯಾಡ್ಲಿ ಮುಲೆನ್ಸ್ ಮತ್ತು ಜೊತೆಯವರು ಇದನ್ನ ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದ್ರು. ಕೊಕ್ಕು ಪೂರ್ತಿ ಇದ್ದ ಕೋಳಿಗಿಂತ ಕೊಕ್ಕು ಕತ್ತರಿಸಿದ ಕೋಳಿ ಮೇಲೆ ಮೈ ನುಸಿ ಎಷ್ಟೋ ಪಟ್ಟು ಹೆಚ್ಚು. ಫಾರಂನವರು ಮೊಟ್ಟೆ ಮುಗಿದ ಕೋಳಿಯನ್ನ ಅಗ್ಗಕ್ಕೆ ಮಾರ್ತಾರಲ್ಲ, ಅದನ್ನ ತಂದು ನಾಟಿ ಕೋಳಿ ಜೊತೆ ಬಿಡೋರು ಮೊದಲು ಅದರ ಕೊಕ್ಕು ನೋಡಿ, ಆಮೇಲೆ ಬಾಲದ ಕೆಳಗೆ ನೋಡಿ.

ಯುರೋಪಿನವರು ಈ ಬರೀ ತಂತಿ ಪಂಜರ ಕ್ರೂರ ಅಂತ 2012ರ ಜನವರಿ 1ರಿಂದ ನಿಲ್ಲಿಸಿದ್ರು. ಕೋಳಿಗೆ ಕೂರೋಕೆ ಗಳ, ಮೊಟ್ಟೆ ಇಡೋಕೆ ಮರೆ, ಕೆದರೋಕೆ ಹಾಸು ಇರಬೇಕು ಅಂದ್ರು. ಒಳ್ಳೇದೇ. ಆದ್ರೆ ಗಳ, ಮರೆ, ಸಂದು ಹೆಚ್ಚಾದಷ್ಟೂ ಗೂಡಿನ ನುಸಿಗೆ ಮನೆಯೂ ಹೆಚ್ಚಾಯ್ತು. ಹಳೇ ಮದ್ದುಗಳು ಕೆಲಸ ಮಾಡ್ತಿಲ್ಲ, ಹೊಸದು ಕಡಿಮೆ. ಆಗ ನೆದರ್‌ಲ್ಯಾಂಡ್ಸಿನ ಒಂದು ಶೆಡ್ ಶುಚಿ ಮಾಡೋ ಕಂಪನಿ ನಮ್ಮ ಹತ್ರ ನೀಲಗಿರಿ ಎಣ್ಣೆ, ಪುದೀನ ಸತ್ವದ ನೈಸರ್ಗಿಕ ಮದ್ದಿದೆ ಅಂತ ಬಂತು. ಹೊಡೆದ ಕಡೆಗೆಲ್ಲ ನುಸಿ ಮಾಯ. ರೈತರು ಖುಷಿಯಾದ್ರು. 2017ರ ಬೇಸಿಗೆಯಲ್ಲಿ ಮೊಟ್ಟೆ ಪರೀಕ್ಷೆ ಮಾಡಿದಾಗ ಗೊತ್ತಾಯ್ತು, ಆ ಎಣ್ಣೆ ಮದ್ದಿಗೆ ಫಿಪ್ರೊನಿಲ್ ಬೆರೆತಿತ್ತು. ಫಿಪ್ರೊನಿಲ್ ಅಂದ್ರೆ ನಾವು ಭತ್ತಕ್ಕೆ, ಕಬ್ಬಿಗೆ ಹಾಕೋ ರೀಜೆಂಟ್ ಹರಳಿನಲ್ಲಿರೋದು. ಆಹಾರಕ್ಕೆ ಸಾಕೋ ಪ್ರಾಣಿಗೆ ಅಲ್ಲಿ ಅದು ಪೂರ್ತಿ ನಿಷಿದ್ಧ. ಮೊದಲ ಹಂತದಲ್ಲೇ ಸುಮಾರು 180 ಫಾರಂ ಮುಚ್ಚಿಸಿದ್ರು. ಹತ್ತಾರು ದೇಶಗಳ ಅಂಗಡಿಗಳಿಂದ ಕೋಟ್ಯಂತರ ಮೊಟ್ಟೆ ವಾಪಸ್ ತೆಗೆದ್ರು, ಹಾಂಗ್‌ಕಾಂಗ್‌ವರೆಗೂ ಹೋಗಿತ್ತು. ಲಕ್ಷಾಂತರ ಕೋಳಿ ಕೊಂದ್ರು, ಯಾಕಂದ್ರೆ ಫಿಪ್ರೊನಿಲ್ ಕೊಬ್ಬಲ್ಲಿ ಕೂತ್ರೆ ಬೇಗ ಬಿಡಲ್ಲ, ಮೊಟ್ಟೆಗೆ ಬರ್ತಾನೇ ಇರ್ತದೆ. ಅದೇ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಮೊಟ್ಟೆಗಳಲ್ಲೂ ಫಿಪ್ರೊನಿಲ್, ಬೈಫೆಂತ್ರಿನ್ ಸಿಕ್ಕಿದ್ವು, ಅಲ್ಲಿ ಪರಿಸರಸ್ನೇಹಿ ಅಂತ ಸರ್ಟಿಫಿಕೇಟ್ ಇದ್ದ ಫಾರಂಗಳೂ ಸಿಕ್ಕಿಬಿದ್ವು.

ಇದನ್ನ ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಇದೆ. ಮನೇಲಿ ಮಿಕ್ಕ ರೀಜೆಂಟ್, ಹೊಲಕ್ಕೆ ತಂದ ಸೈಪರ್‌ಮೆತ್ರಿನ್ "ಸ್ವಲ್ಪ ಹಾಕಿದ್ರೆ ಏನಾಗ್ತದೆ" ಅಂತ ಕೋಳಿಗೆ ಹಾಕೋದು ನಮ್ಮಲ್ಲಿ ಗುಟ್ಟೇನಲ್ಲ. ನಾಯಿಗೆ ಉಣ್ಣೆಗೆ ಅಂತ ಹಾಕೋ ಹನಿ ಮದ್ದಿನಲ್ಲೂ ಎಷ್ಟೋ ಸಲ ಇರೋದು ಫಿಪ್ರೊನಿಲ್ಲೇ. ಅಲ್ಲಿ ಮೊಟ್ಟೆ ಪರೀಕ್ಷೆ ಮಾಡೋ ಇಲಾಖೆ ಇತ್ತು, ಹಿಡಿದ್ರು. ನಮ್ಮ ಹಿತ್ತಲ ಮೊಟ್ಟೆಯನ್ನ ಯಾರೂ ಪರೀಕ್ಷೆ ಮಾಡಲ್ಲ, ನೇರ ತಟ್ಟೆಗೆ. ಕುರಿ ಮೇಕೆಗೆ ಕೊಡೋ ಐವರ್‌ಮೆಕ್ಟಿನ್ ಮಾತೂ ಅಷ್ಟೇ, ಅದು ಮೊಟ್ಟೆಗೆ ಬರ್ತದೆ. ಪಶುವೈದ್ಯರು ನೋಡಿ ಕೊಟ್ರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಅವರನ್ನೇ ಕೇಳಿ, ಅಷ್ಟೂ ದಿನ ತಿನ್ನಬೇಡಿ.

ಯುರೋಪಿಗೆ ಅದೇ 2017ರಲ್ಲಿ ಕುಡಿಯೋ ನೀರಿಗೆ ಹಾಕೋ ಫ್ಲುರಲಾನರ್ ಅನ್ನೋ ಹೊಸ ಮದ್ದಿಗೆ ಅನುಮತಿ ಸಿಕ್ತು, ದೊಡ್ಡ ಫಾರಂನವರಿಗೆ ಅನುಕೂಲ ಆಯ್ತು. ಹತ್ತು ಕೋಳಿಯ ನಮಗೆ ಹೆಚ್ಚು ಬೇಕಾದದ್ದು ಅದಕ್ಕೂ ಮುಂಚಿನ, 2012ರ ಇನ್ನೊಂದು ಪ್ರಯೋಗ. ಅದೇ ಮುಲೆನ್ಸ್ ಮತ್ತು ಮಾರ್ಟಿನ್ ಅನ್ನೋರು ಪಂಜರವಿಲ್ಲದ ಕೋಳಿಗಳಿಗೆ ಮರಳಿನ ಪೆಟ್ಟಿಗೆ ಇಟ್ಟು, ಕೆಲವಕ್ಕೆ ಡಯಾಟಮ್ ಮಣ್ಣು, ಕೆಲವಕ್ಕೆ ಬಿಳಿ ಜೇಡಿ, ಕೆಲವಕ್ಕೆ ಗಂಧಕದ ಪುಡಿ ಬೆರೆಸಿದ್ರು. ಪೆಟ್ಟಿಗೇಲಿ ಹೊರಳಿದ ಕೋಳಿಗಳ ಮೇಲೆ ಒಂದೇ ವಾರಕ್ಕೆ ಹುಳ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಕಡಿಮೆಯಾಯ್ತು. ಮಣ್ಣು, ಜೇಡಿ ಹಾಕಿದ ಕಡೆ ಹೊರಳದೇ ಇದ್ದ ಕೋಳಿಗೆ ಗುಣ ಸಿಗಲಿಲ್ಲ. ಗಂಧಕ ಹಾಕಿದ ಕಡೆ ಮಾತ್ರ ಎರಡರಿಂದ ನಾಲ್ಕು ವಾರದಲ್ಲಿ ಹೊರಳದ ಕೋಳಿಯ ಮೇಲೂ ಹುಳ ಹೋಯ್ತು. ನುಸಿ ಮೈಗೆ ಮೇಣದಂಥ ತೆಳು ಪದರ ಇರ್ತದೆ, ನಯವಾದ ಒಣ ಪುಡಿ ಅದನ್ನ ಹೀರಿ ಕೆರೆದು ಹಾಕಿದ್ರೆ ಹುಳ ಒಣಗಿ ಸಾಯ್ತದೆ. ಒಣಗಿಸೋದಕ್ಕೆ ಎದುರಾಗಿ ನುಸಿ ತಲೆಮಾರು ಕಟ್ಟೋದು ವಿಷಕ್ಕೆ ಕಟ್ಟಿದಷ್ಟು ಸುಲಭ ಅಲ್ಲ. ಕೊಲುಮೆಲ್ಲನ ಗೋಡೆ ಪಕ್ಕದ ಬೂದಿ ಹೀಗೆ ಪ್ರಯೋಗಶಾಲೆ ಸುತ್ತಿ ವಾಪಸ್ ಬಂತು.

ಕಷ್ಟ ಅಂದ್ರೆ ಬೂದಿಯೇ ಈಗ ಅಪರೂಪ. ಗ್ಯಾಸ್ ಬಂತು, ಬಚ್ಚಲಿಗೆ ಸೋಲಾರ್ ಬಂತು, ಪಾತ್ರೆಗೆ ಸೋಪು ಬಂತು. ಅಂಗಳಕ್ಕೆ ಸಿಮೆಂಟ್ ಹಾಕಿಸಿ ಕೋಳಿಗೆ ಹೊರಳೋಕೆ ಹಿಡಿ ಮಣ್ಣೂ ಇಲ್ಲ. ಹೆಂಗಸರಿಗೆ ಹೊಗೆ ತಪ್ಪಿದ್ದು ದೊಡ್ಡ ವಿಷಯ, ಅದನ್ನ ಕೋಳಿಗೋಸ್ಕರ ಬಯ್ಯೋಕಾಗಲ್ಲ. ನಮ್ಮ ಪುಣ್ಯಕ್ಕೆ ಆಲೆಮನೆಗಳಿದಾವೆ, ಕೇಳಿದ್ರೆ ಬೂದಿ ಪುಕ್ಕಟೆ ಕೊಡ್ತಾರೆ. ಅಕ್ಕಿ ಗಿರಣಿಯ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಡಯಾಟಮ್ ಮಣ್ಣಲ್ಲಿ ಇರೋದೂ ಮುಖ್ಯವಾಗಿ ಅದೇ. ಆದ್ರೆ ಆ ಪುಡಿ ಶ್ವಾಸಕೋಶಕ್ಕೆ ಒಳ್ಳೇದಲ್ಲ, ನಿಮಗೂ ಕೋಳಿಗೂ. ಬಾಯಿಗೆ ಬಟ್ಟೆ ಕಟ್ಕೊಂಡು, ಮರಳು ಮಣ್ಣಿನ ಜೊತೆ ಬೆರೆಸಿಯೇ ಹಾಕಿ. ಹಳೇ ಟೈರೋ ಅಗಲದ ಬಾಣಲೆಯೋ ಸಾಕು, ಒಂದು ಗೇಣು ಆಳ, ಎರಡು ಪಾಲು ಒಣ ಮಣ್ಣು, ಒಂದು ಪಾಲು ಜರಡಿ ಹಿಡಿದ ಬೂದಿ, ಮೈ ನುಸಿ ಇದ್ರೆ ಒಂದೆರಡು ಹಿಡಿ ಗಂಧಕದ ಪುಡಿ. ಮೇಲೆ ಸೂರಿರಬೇಕು. ಬೂದಿ ನೆನೆದ್ರೆ ಕ್ಷಾರ ಬಿಟ್ಟು ಚರ್ಮ ಸುಡ್ತದೆ. ಪ್ಲಾಸ್ಟಿಕ್, ಬಣ್ಣದ ಮರ ಸುಟ್ಟ ಬೂದಿ ಬೇಡ.

ಗೂಡಿನ ನುಸಿಗೆ ಮಾತ್ರ ಈ ಹೊರಳು ಗುಂಡಿ ಸಾಲದು, ಅದು ಹಗಲು ಕೋಳಿ ಮೈಮೇಲೆ ಇರೋದೇ ಇಲ್ಲ. ರಾತ್ರಿ ಊಟ ಆದ್ಮೇಲೆ ಟಾರ್ಚ್ ತಗೊಂಡು ಹೋಗಿ, ಗಳದ ಕೆಳಭಾಗಕ್ಕೆ ಬಿಳಿ ಕಾಗದ ಒತ್ತಿ ಒರೆಸಿ. ಕೆಂಪು ಗೀಟು ಬಿದ್ರೆ ಅದೇ. ಮರುದಿನ ಬೆಳಿಗ್ಗೆ ಗೂಡು ಖಾಲಿ ಮಾಡಿ. ಹುಲ್ಲು ಸುಡಿ, ಗಳ ತೆಗೆದು ಬಿಸಿಲಿಗೆ ಹಾಕಿ, ಸಂದಿಗೆಲ್ಲ ಕುದಿಯೋ ನೀರು ಹುಯ್ಯಿ. ಒಣಗಿದ ಮೇಲೆ ಸುಣ್ಣ ಬಳಿದು ಸಂದು ಮುಚ್ಚಿ. ಬಿದಿರಿನ ಗಂಟು, ಒಡೆದ ತುದಿಯಂಥ ಅಡಗುತಾಣ ಬೇರೊಂದಿಲ್ಲ, ಆಗೋದಾದ್ರೆ ನುಣುಪಾದ ಗಳ ಹಾಕಿ, ತುದಿಗಳು ಗೋಡೆಗೆ ತಾಗದ ಹಾಗೆ ನಿಲ್ಲಿಸಿ. ಒಂದು ಸಲಕ್ಕೆ ಮುಗಿಯಲ್ಲ. ಉಳಿದ ಮೊಟ್ಟೆ ಮರಿಯಾಗಿ ಬೆಳೆದು ಮೊಟ್ಟೆ ಇಡೋ ಮುಂಚೆ, ಅಂದ್ರೆ ಆರೇಳನೇ ದಿನಕ್ಕೆ ಮತ್ತೆ ಮಾಡಿ, ಇನ್ನೊಂದು ವಾರ ಬಿಟ್ಟು ಮೂರನೇ ಸಲ. ಗೂಡು ಸುಮ್ನೆ ಖಾಲಿ ಬಿಟ್ರೆ ಸಾಯ್ತದೆ ಅನ್ಕೋಬೇಡಿ, ತಂಪು ಜಾಗದಲ್ಲಿ ಇದು ರಕ್ತ ಇಲ್ಲದೆ ಏಳೆಂಟು ತಿಂಗಳು ಬದುಕ್ತದೆ.

ಕಾಲಿನ ಹುರುಪೆಗೆ ಹಳೇ ಪುಸ್ತಕಗಳಲ್ಲೆಲ್ಲ ಸೀಮೆಎಣ್ಣೆ ಬರ್ತದೆ, ಬರೀ ಸೀಮೆಎಣ್ಣೆ ಹಚ್ಚಿದ್ರೆ ಚರ್ಮ ಬೇಯ್ತದೆ. ಉಗುರುಬೆಚ್ಚಗಿನ ಸೋಪು ನೀರಲ್ಲಿ ಕಾಲು ನೆನೆಸಿ, ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ಹೊಂಗೆ ಎಣ್ಣೆಯೋ ವ್ಯಾಸಲೀನೋ ಚಿಪ್ಪಿನ ಅಡಿಗೆ ಇಳಿಯೋ ಹಾಗೆ ಹಚ್ಚಿ. ಎಣ್ಣೆ ಮುಚ್ಚಿದ್ರೆ ನುಸಿಗೆ ಉಸಿರು ಕಟ್ತದೆ. ಎರಡು ಮೂರು ದಿನಕ್ಕೊಮ್ಮೆ, ಮೂರ್ನಾಲ್ಕು ವಾರ ಬಿಡದೆ. ಹುರುಪೆಯನ್ನ ಕಿತ್ತು ರಕ್ತ ಬರಿಸ್ಬೇಡಿ. ಕಾಲು ಮೊದಲಿನ ಹಾಗೆ ನುಣುಪಾಗೋಕೆ ತಿಂಗಳುಗಟ್ಟಲೆ ಹಿಡೀತದೆ. ಅಲ್ಲಿವರೆಗೆ ಆ ಹ್ಯಾಟೆಯನ್ನ ಕಾವಿಗೆ ಕೂರಿಸ್ಬೇಡಿ, ರೆಕ್ಕೆ ಅಡಿ ಮಲಗೋ ಪಿಳ್ಳೆಗಳಿಗೆ ಅದು ದಾಟ್ತದೆ.